ಪುಟ್ಟಿಯ ಕಾಲು ಉಳಿಸಿದವರಿಗೆ

ನಮ್ಮ ಪುಟ್ಟಿಯ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ರಿಪೋರ್ಟ್ ಬಂತು. ಎಡತೊಡೆಯ ರಕ್ತನಾಳದಲ್ಲಿದ್ದ ಹೆಪ್ಪು ಪೂರ್ತಿ ಕರಗಿದೆ, ಇಂಜೆಕ್ಷನ್ ನಿಲ್ಲಿಸಿದ್ದಾರೆ. ದಿನವೂ ವಿಚಾರಿಸುತ್ತಿದ್ದ ನಿಮಗೆಲ್ಲ ಮೊದಲು ಈ ಸುದ್ದಿ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ಹಾಲು ಅರಗುತ್ತಿರಲಿಲ್ಲ. ತೊಡೆಯ ದೊಡ್ಡ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ಪೋಷಣೆ ಕೊಡುತ್ತಿದ್ದರು. ರಾತ್ರಿ ಡ್ಯೂಟಿಯ ಸಿಸ್ಟರ್ ಡೈಪರ್ ಬದಲಿಸುವಾಗ ಒಂದು ಕಾಲು ತುಸು ಊದಿ ನೀಲಿಗಟ್ಟಿದಂತೆ ಕಂಡಿತಂತೆ. ಟೇಪ್ ತಂದು ಎರಡೂ ತೊಡೆ ಅಳೆದರು, ಬೆಳಗಿನ ರೌಂಡ್ಸ್‌ಗೆ ಕಾಯದೆ ಡಾಕ್ಟರನ್ನು ಎಬ್ಬಿಸಿದರು. ಸಿಸ್ಟರ್, ನಿಮಗೆ ಎಷ್ಟು ಕೈಮುಗಿದರೂ ಸಾಲದು.

"ನಳಿಕೆ ಹಾಕದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?" ಎಂದು ನೆಂಟರು ಕೇಳಿದ್ದುಂಟು. ಹಸುಗೂಸುಗಳಲ್ಲಿ ಹೆಪ್ಪುಗಟ್ಟಲು ಬಹುಪಾಲು ಅದೇ ಕಾರಣ, ನಿಜ. ಆದರೆ ಪುಟ್ಟಿ ಜೀವ ಹಿಡಿದದ್ದೂ ಅದರಿಂದಲೇ. ನಮಗೆ ಯಾರ ಮೇಲೂ ದೂರಿಲ್ಲ.

ತಲೆಯ ಸ್ಕ್ಯಾನ್ ಮಾಡಿ, ಮೆದುಳಲ್ಲಿ ರಕ್ತಸ್ರಾವ ಇಲ್ಲವೆಂದು ನೋಡಿಕೊಂಡೇ ಡಾಕ್ಟರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಶುರುಮಾಡಿದರು. ಅಷ್ಟು ಕೆಲಸದ ನಡುವೆಯೂ ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: ಹೆಪಾರಿನ್‌ಗೆ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿನ ನೆರವು ಬೇಕು, ನವಜಾತ ಶಿಶುಗಳಲ್ಲಿ ಅದು ಕಡಿಮೆ, ಆದ್ದರಿಂದ ದೊಡ್ಡವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಗುವಿನ ರಕ್ತ ಹೆಪ್ಪುಗಟ್ಟುವ ಬಗೆಯೇ ಬೇರೆ ಎಂದು 1980ರ ದಶಕದಲ್ಲಿ ಅಳೆದು ತೋರಿಸಿದವರಲ್ಲಿ ಕೆನಡಾದ ಡಾ. ಮೌರೀನ್ ಆಂಡ್ರೂ ಪ್ರಮುಖರು. ಕಂಡಿಲ್ಲದ ಆ ತಾಯಿಗೂ ನಮ್ಮ ನಮಸ್ಕಾರ.

ಆಮೇಲೆ ಹೆಪಾರಿನ್ ಜಾತಿಯದೇ ಆದ ಎನಾಕ್ಸಪಾರಿನ್ ಇಂಜೆಕ್ಷನ್, ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಎರಡು ತಿಂಗಳೊಳಗಿನ ಮಗುವಿಗೆ ಕಿಲೋಗೆ 1.5 ಮಿಲಿಗ್ರಾಂ. ಪುಟ್ಟಿ ಆಗ 2 ಕಿಲೋ, ಅಂದರೆ 3 ಮಿಲಿಗ್ರಾಂ. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಔಷಧಿಯಲ್ಲಿ ಅದು ಬರೀ 0.03 ಮಿಲಿಲೀಟರ್, ಒಂದು ಹನಿಯೂ ಆಗುವುದಿಲ್ಲ! U-100 ಎಂದು ಬರೆದಿರುವ ಇನ್ಸುಲಿನ್ ಸಿರಿಂಜಿನಲ್ಲಿ ಮೂರೇ ಯೂನಿಟ್. ತೂಕ ಏರಿದಂತೆ ಡೋಸ್ ಬದಲಿಸಬೇಕು. ಚುಚ್ಚಿದ ನಾಲ್ಕರಿಂದ ಆರು ಗಂಟೆಯೊಳಗೆ ರಕ್ತ ತೆಗೆದು ಔಷಧಿಯ ಮಟ್ಟ ನೋಡಬೇಕು. ಆ ಪುಟ್ಟ ಕೈಯಲ್ಲಿ ನರ ಹುಡುಕಿ, ಆದಷ್ಟು ನೋವಾಗದಂತೆ ರಕ್ತ ತೆಗೆಯುತ್ತಿದ್ದ ಲ್ಯಾಬಿನ ತಮ್ಮಂದಿರೇ, ನಿಮ್ಮ ತಾಳ್ಮೆ ದೊಡ್ಡದು.

ಮನೆಗೆ ಬಂದ ಮೇಲೆ ಇಂಜೆಕ್ಷನ್ ಕೊಡುವ ಕೆಲಸ ನಮ್ಮ ಅತ್ತೆಯದು. ಸಿಸ್ಟರ್ ಹತ್ತಿರ ಕಲಿತು ಬಂದಿದ್ದರು. ಕಿಟಕಿಯ ಬೆಳಕಿಗೆ ಸಿರಿಂಜ್ ಹಿಡಿದು, ಗುಳ್ಳೆ ಇದೆಯೇ ಎಂದು ನೋಡಿ, ತೊಡೆಯ ಚರ್ಮ ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚುತ್ತಿದ್ದರು. ಚುಚ್ಚಿದ ಜಾಗ ಉಜ್ಜಲು ನಮ್ಮನ್ನು ಬಿಡುತ್ತಿರಲಿಲ್ಲ. ಅತ್ತೆ, ನಿಮ್ಮ ಋಣ ತೀರುವಂಥದ್ದಲ್ಲ.

ವಾರ್ಡಿನ ಹೊರಗೆ ನನ್ನ ಜೊತೆ ಕೂತಿದ್ದ ಅಮ್ಮಂದಿರೇ, ನಿಮ್ಮ ಮಗುವಿಗೂ ಇದೇ ಇಂಜೆಕ್ಷನ್ ಬರೆದು ಮನೆಗೆ ಕಳಿಸಿದರೆ, ಮೊದಲ ದಿನ ಧೈರ್ಯಕ್ಕೆ ಅತ್ತೆ ಬಂದು ಪಕ್ಕದಲ್ಲಿ ಕೂರುತ್ತಾರಂತೆ. ಇದನ್ನು ಮರೆಯದೆ ಬರೆಯಲು ಅವರೇ ಹೇಳಿದ್ದಾರೆ.