ಡಾಲ್ಫಿನ್ ಬಂದರೆ ಓಟ ನಿಲ್ಲಬೇಕು

ಸಂಕ್ರಾಂತಿಗೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ನಾವು ಕನ್ನಡಿಗರು ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಈ ಊರಿನ ಜನ ದೋಣಿ ತೊಳೆಯುತ್ತಿರುತ್ತಾರೆ. ಜನವರಿ ಕೊನೆಗೆ ಬರುವ ಆನಿವರ್ಸರಿ ಡೇ ಸೋಮವಾರ ವೈಟೆಮಾಟಾ ಬಂದರಿನ ತುಂಬ ಹಾಯಿದೋಣಿಗಳು. ನಮ್ಮಲ್ಲಿ ಹೆಚ್ಚಿನವರಿಗೆ ಅದೊಂದು ಲಾಂಗ್ ವೀಕೆಂಡ್, ಅಷ್ಟೇ. ಈ ಊರಿನವರಿಗೆ ಅದು 1840ರಿಂದ ಬಂದ ರೂಢಿ. ಆ ವರ್ಷ ಸೆಪ್ಟೆಂಬರ್ 18ರಂದು ಇಲ್ಲಿ ಬ್ರಿಟಿಷ್ ಬಾವುಟ ಹಾರಿಸಿದ ದಿನವೇ ದೋಣಿ ಓಟವನ್ನೂ ನಡೆಸಿದರು; ಅದು ಜನವರಿಗೆ ಬಂದದ್ದು ಆಮೇಲೆ. ಊರಿಗೆ ನೆಟ್ಟಗೆ ರಸ್ತೆ ಬರುವ ಮುಂಚೆಯೇ ರೇಸ್ ಬಂದಿತ್ತು!

ಓಟದ ಹುಚ್ಚು ಇಷ್ಟಿರುವ ದೇಶದಲ್ಲಿ ಒಂದು ಡಾಲ್ಫಿನ್‌ಗಾಗಿ ಇಡೀ ದಿನದ ಓಟ ನಿಂತ ಪ್ರಸಂಗ ನಿಮಗೆ ನೆನಪಿರಬಹುದು. 2024ರ ಮಾರ್ಚ್ 23. ಕ್ರೈಸ್ಟ್‌ಚರ್ಚ್ ಪಕ್ಕದ ಲಿಟಲ್ಟನ್ ಬಂದರಿನಲ್ಲಿ ಸೇಲ್‌ಜಿಪಿ ಎಂಬ ಅಂತರರಾಷ್ಟ್ರೀಯ ಹಾಯಿದೋಣಿ ಸ್ಪರ್ಧೆ. ಗಂಟೆಗೆ 100 ಕಿ.ಮೀ. ಹತ್ತಿರ ಹೋಗುವ, ನೀರಿನಿಂದ ಮೇಲೆದ್ದು ಹಾರಿದಂತೆ ಓಡುವ ದೊಡ್ಡ ದೋಣಿಗಳು. ದಡದಲ್ಲಿ ಟಿಕೆಟ್ ಕೊಂಡು ಕೂತ ಜನ. ಓಟದ ಜಾಗದಲ್ಲಿ ಒಂದು ಹೆಕ್ಟರ್ಸ್ ಡಾಲ್ಫಿನ್ ಕಾಣಿಸಿತು. ಅದು ಹೋಗಲಿ ಎಂದು ಕಾದರು. ಕೊನೆಗೆ ಆ ದಿನದ ರೇಸ್ ಪೂರ್ತಿ ರದ್ದು.

ಸೇಲ್‌ಜಿಪಿ ಮುಖ್ಯಸ್ಥ ರಸೆಲ್ ಕೂಟ್ಸ್ ಬಹಿರಂಗವಾಗಿಯೇ ಸಿಡುಕಿದರು. ನಿಯಮಗಳು ಅತಿಯಾದವು ಎಂಬುದು ಅವರ ವಾದ. 2025ರ ಜನವರಿಯಲ್ಲಿ ಸ್ಪರ್ಧೆ ನಮ್ಮ ಆಕ್ಲೆಂಡಿಗೆ ಬಂತು. ನೋಡಲು ಹೋದವರಿಗೆ ಖುಷಿಯಾಯಿತು, ನಿಜ. ಆದರೂ ಆ ಮಾರ್ಚ್ ಶನಿವಾರದ ಜಗಳದಲ್ಲಿ ನಾನು ಡಾಲ್ಫಿನ್ ಪಕ್ಷ.

ಯಾಕೆ ಅಂತ ಹೇಳುತ್ತೇನೆ. ಹೆಕ್ಟರ್ಸ್ ಡಾಲ್ಫಿನ್ ನ್ಯೂಜಿಲೆಂಡ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದೊಡ್ಡದಾದರೂ ಒಂದೂವರೆ ಮೀಟರ್ ದಾಟುವುದು ಕಡಿಮೆ. ಬೆನ್ನಿನ ರೆಕ್ಕೆ ದುಂಡಗೆ, ಮಿಕ್ಕಿ ಮೌಸ್ ಕಿವಿಯ ಹಾಗೆ. ಹೆಣ್ಣು ಮೊದಲ ಮರಿ ಹಾಕಲು ಏಳೆಂಟು ವರ್ಷ ಬೇಕು. ಆಮೇಲೂ ಎರಡು ಮೂರು ವರ್ಷಕ್ಕೊಂದೇ ಮರಿ. ಬದುಕುವುದೇ ಇಪ್ಪತ್ತು ಚಿಲ್ಲರೆ ವರ್ಷ. ಅಂದರೆ ಒಂದು ಹೆಣ್ಣು ಸತ್ತರೆ ಆ ಜಾಗ ತುಂಬಲು ತುಂಬಾ ಕಾಲ ಹಿಡಿಯುತ್ತದೆ. ದಕ್ಷಿಣ ದ್ವೀಪದ ಸುತ್ತ ಇರುವುದು ಸುಮಾರು 15,000. ಇದರದೇ ಉಪಜಾತಿ ಮಾವಿ ಡಾಲ್ಫಿನ್ ನಮ್ಮ ಉತ್ತರ ದ್ವೀಪದ ಪಶ್ಚಿಮ ಕರಾವಳಿಯಲ್ಲಿದೆ. ಅದರ ಲೆಕ್ಕ 50ರ ಆಸುಪಾಸು. ಸಾವಿರದಲ್ಲಿ ಅಲ್ಲ, ಬರೀ ಐವತ್ತು. ಇನ್ನು ಲಿಟಲ್ಟನ್ ಇರುವ ಬ್ಯಾಂಕ್ಸ್ ಪೆನಿನ್ಸುಲಾ ಸುತ್ತಲಿನ ಸಮುದ್ರ 1988ರಿಂದಲೇ ಈ ಡಾಲ್ಫಿನ್‌ಗಳಿಗಾಗಿ ಮೀಸಲು. ಡಾಲ್ಫಿನ್ ಅಡ್ಡ ಬಂತು ಅಂತ ಕೊರಗುವುದು ಹೇಗೆ? ಅಲ್ಲಿಗೆ ಹೋದದ್ದು ನಾವು, ಅಲ್ವಾ?

ಈ ದೇಶಕ್ಕೆ ಇದು ಹೊಸದೂ ಅಲ್ಲ. 1888ರಿಂದ 1912ರವರೆಗೆ ದಕ್ಷಿಣ ದ್ವೀಪದ ಫ್ರೆಂಚ್ ಪಾಸ್ ಎಂಬ ಕಿರಿದಾದ ಜಲಮಾರ್ಗದ ಹತ್ತಿರ ಪೆಲೋರಸ್ ಜ್ಯಾಕ್ ಎಂಬ ಡಾಲ್ಫಿನ್ ಹಡಗುಗಳ ಜೊತೆ ಈಜುತ್ತಿತ್ತು. ಅದನ್ನು ಉಳಿಸಲೆಂದೇ 1904ರಲ್ಲಿ ಸರ್ಕಾರ ಆದೇಶ ಹೊರಡಿಸಿತು.

ಆದರೆ ಕೂಟ್ಸ್ ಅವರನ್ನು ಬರೀ ದೂರಿ ಬಿಡುವುದು ಸರಿಯಲ್ಲ. ಅವರೂ ಇಲ್ಲಿನ ಎಷ್ಟೋ ಮಕ್ಕಳಂತೆ ಪುಟ್ಟ ಪಿ-ಕ್ಲಾಸ್ ಡಿಂಗಿಯಲ್ಲಿ ಕಲಿತವರು. 1984ರ ಒಲಿಂಪಿಕ್ಸ್ ಚಿನ್ನಕ್ಕೆ ದಾರಿ ಶುರುವಾದದ್ದು ಅಂಥ ಏಳು ಅಡಿ ಉದ್ದದ ದೋಣಿಯಲ್ಲಿ. ಹೆಸರಾಂತ ನಾವಿಕ ಪೀಟರ್ ಬ್ಲೇಕ್ ಕೂಡ ಅದೇ ದೋಣಿಯವರು. ಹ್ಯಾರಿ ಹೈಯೆಟ್ ಎಂಬುವರು 1920ರಲ್ಲಿ ರೂಪಿಸಿದ ಈ ಡಿಂಗಿ ಬಹಳ ಮೊಂಡು. ಗಾಳಿ ಹಿಂದಿನಿಂದ ಜೋರಾಗಿ ಬಂದರೆ ಮೂತಿ ನೀರಿಗೆ ಇಟ್ಟುಬಿಡುತ್ತದೆ. ಇದನ್ನು ಪಳಗಿಸಿದವರು ಯಾವ ದೋಣಿಯನ್ನಾದರೂ ನಡೆಸಬಲ್ಲರು ಎಂಬುದು ಇಲ್ಲಿಯವರ ನಂಬಿಕೆ. ಈಗ ಸಣ್ಣ ಮಕ್ಕಳು ಹೆಚ್ಚಾಗಿ ಶುರು ಮಾಡುವುದು ಆಪ್ಟಿಮಿಸ್ಟ್‌ನಲ್ಲಿ. ಡಬ್ಬದಂಥ ಮೂತಿ, ಒಂದೇ ಹಾಯಿ, 15 ವರ್ಷದವರೆಗೆ ಸ್ಪರ್ಧಿಸಬಹುದು.

ನಮ್ಮ ಕನ್ನಡ ಕೂಟದ ಕೆಲವು ಮಕ್ಕಳೂ ಈ ಬೇಸಿಗೆ ಕಲಿಯಲು ಸೇರಿದ್ದಾರೆ. ಅಪ್ಪ ಅಮ್ಮಂದಿರು ದಡದಲ್ಲಿ ನಿಂತು, "ಯಾಕೆ ಇವನು ಅಡ್ಡಡ್ಡ ಹೋಗ್ತಿದ್ದಾನೆ? ನೆಟ್ಟಗೆ ಹೋಗೋಕೆ ಏನು?" ಅನ್ನುವುದು ಮಾಮೂಲು. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೆಟ್ಟಗೆ ಹೋಗಲಾರದು, ಸ್ವಾಮಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೋಗಿಯೇ ಗಾಳಿಯತ್ತ ಮುಂದೆ ಸಾಗಬೇಕು. ಎರಡು ದೋಣಿ ಎದುರಾದರೆ, ಗಾಳಿ ಬಲಗಡೆಯಿಂದ ಬರುತ್ತಿರುವ ದೋಣಿಗೆ ಮೊದಲ ಹಕ್ಕು. ಆಗ ಹತ್ತು ವರ್ಷದ ಹುಡುಗಿಯೂ "ಸ್ಟಾರ್‌ಬೋರ್ಡ್!" (ಅಂದರೆ ಬಲಗಡೆ) ಎಂದು ಕೂಗುತ್ತಾಳೆ. ದೊಡ್ಡವರಾದರೂ ದಾರಿ ಬಿಡಲೇಬೇಕು. ದೋಣಿ ಮಗುಚಿದರೆ ಗಾಬರಿ ಬೇಡ. ಅದನ್ನು ಎತ್ತಿ ನಿಲ್ಲಿಸುವುದನ್ನು ಶುರುವಿನಲ್ಲೇ ಕಲಿಸಿರುತ್ತಾರೆ.

ರೇಸ್ ಬೇಡ, ಸುಮ್ನೆ ಸಮುದ್ರ ನೋಡಿದರೆ ಸಾಕು ಅನ್ನುವವರಿಗೆ ಹೌರಾಕಿ ಕೊಲ್ಲಿ ಇದೆ. ವೈಹೆಕೆ ದ್ವೀಪಕ್ಕೆ ಫೆರಿಯಲ್ಲಿ ಸುಮಾರು 40 ನಿಮಿಷ. ಒಳಸಮುದ್ರಕ್ಕೆ ಹೋದರೆ ಕಾಮನ್ ಡಾಲ್ಫಿನ್‌ಗಳು ವರ್ಷವಿಡೀ ಇವೆ, ಅದೃಷ್ಟವಿದ್ದರೆ ಬ್ರೂಡಾಸ್ ತಿಮಿಂಗಿಲವೂ ಕಾಣಬಹುದು. ಡಾಲ್ಫಿನ್ ಹುಡುಕಬೇಕಾದರೆ ನೀರನ್ನಲ್ಲ, ಮೊದಲು ಆಕಾಶ ನೋಡಿ. ಗ್ಯಾನೆಟ್ ಹಕ್ಕಿಗಳು ರೆಕ್ಕೆ ಮಡಚಿ ಒಂದರ ಹಿಂದೊಂದು ಬಾಣದಂತೆ ನೀರಿಗೆ ಬೀಳುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡಿದೆ ಎಂದು ಅರ್ಥ. ಎಷ್ಟೋ ಸಲ ಆ ಮೀನನ್ನು ಕೆಳಗಿನಿಂದ ಮೇಲಕ್ಕೆ ಅಟ್ಟುತ್ತಿರುವುದು ಡಾಲ್ಫಿನ್‌ಗಳೇ.

ನಮ್ಮ ಕಾರವಾರದ ಕಡೆಯವರಿಗೆ ಇದರಲ್ಲಿ ಹೊಸದೇನಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆ, ದೇವಬಾಗದ ಸುತ್ತ ಗೂನುಬೆನ್ನಿನ ಡಾಲ್ಫಿನ್ ನೋಡಿಯೇ ಬೆಳೆದವರು. ಅವರೂ ತಿಳಿದಿರಬೇಕಾದದ್ದು ಇಲ್ಲಿನ ಕಾನೂನು. ಒಂದು ಹಿಂಡಿನ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ. ಆ ಅಂತರದೊಳಗೆ ಅಲೆ ಏಳದಷ್ಟು ನಿಧಾನ ಹೋಗಬೇಕು. ಹಿಂದಿನಿಂದ, ಪಕ್ಕದಿಂದ ಹತ್ತಿರವಾಗಬೇಕೇ ಹೊರತು ಎದುರಿನಿಂದಲ್ಲ. ಹಿಂಡಿನ ನಡುವೆ ನುಗ್ಗಬಾರದು, ಮರಿಗಳಿದ್ದರೆ ನೀರಿಗೆ ಇಳಿಯಬಾರದು. ಬೇ ಆಫ್ ಐಲೆಂಡ್ಸ್‌ನಲ್ಲಿ ಇನ್ನೂ ಬಿಗಿ. ಅಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳು ಕಡಿಮೆಯಾಗುತ್ತಾ ಬಂದದ್ದರಿಂದ 2021ರ ಕೊನೆಯಿಂದ ದೋಣಿಗಳು 300 ಮೀಟರ್ ದೂರವೇ ನಿಲ್ಲಬೇಕು. ಪ್ರೀತಿಯಿಂದ ನೋಡಲು ಹೋದವರೇ ಅವುಗಳ ಊಟ, ನಿದ್ದೆ ಕೆಡಿಸಿದ್ದರು.

ಈ ಸಲ ಆನಿವರ್ಸರಿ ಡೇ ಓಟ ನೋಡಲು ಕೂಟದಿಂದ ಹೊರಡುತ್ತಿದ್ದೇವೆ. ಡೆವನ್‌ಪೋರ್ಟ್‌ಗೆ ಫೆರಿ, ಅಲ್ಲಿಂದ ನಡೆದು ನಾರ್ತ್ ಹೆಡ್ ಗುಡ್ಡ. ಇಡೀ ಬಂದರು ಕಣ್ಣಿಗೆ ಬೀಳುವ ಜಾಗ ಅದು, ದುಡ್ಡೂ ಕೊಡಬೇಕಿಲ್ಲ. ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ, ಇಲ್ಲಿನ ಬಿಸಿಲು ಮೋಸ ಮಾಡುತ್ತದೆ. ಸ್ವಂತ ಅಥವಾ ಗೆಳೆಯರ ದೋಣಿಯಲ್ಲಿ ನೀರಿಗೆ ಇಳಿಯುವವರು ತಲೆಗೊಂದು ಲೈಫ್ ಜಾಕೆಟ್ ಇದೆಯೇ ನೋಡಿಕೊಳ್ಳಿ, ಅದು ಕಾನೂನು ಕೂಡ. ಪುಳಿಯೋಗರೆ ಸಾಕಷ್ಟು ಇರುತ್ತದೆ. ಆದರೆ ಸಮುದ್ರ ಆಗದವರು ಅದನ್ನು ಗುಡ್ಡ ಹತ್ತಿದ ಮೇಲೆ ತಿನ್ನಿ, ಫೆರಿಯಲ್ಲಿ ಬೇಡ.

— ಸಂಪಾದಕರು