ಯೋಜನೆಗಳ ಮಾಹಿತಿ ಅಂಧರಿಗೂ ನೇರವಾಗಿ ತಲುಪಲಿ

ಮಾನ್ಯರೇ,

ಅಂಗವಿಕಲರ ಮಾಸಾಶನ, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಬಸ್ ಪಾಸ್, ಗೃಹಲಕ್ಷ್ಮಿ ಮುಂತಾದ ಸೌಲಭ್ಯಗಳಿಗೆ ಯಾರು ಅರ್ಹರು, ಯಾವ ದಾಖಲೆ ಬೇಕು ಎಂಬುದನ್ನು ತಿಳಿಸುವ ಪ್ರಕಟಣೆಗಳು ಇಂದು ಹೆಚ್ಚಾಗಿ ಮೊಬೈಲ್ ಮೂಲಕವೇ ಜನರನ್ನು ತಲುಪುತ್ತಿವೆ. ಮೊಬೈಲಿನ ಟಾಕ್‌ಬ್ಯಾಕ್, ಕಂಪ್ಯೂಟರಿಗೆ ಉಚಿತವಾಗಿ ಸಿಗುವ ಎನ್‌ವಿಡಿಎ ಮುಂತಾದ ತಂತ್ರಾಂಶಗಳು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲವು. ಇಷ್ಟು ಅನುಕೂಲವಿದ್ದರೂ ದೃಷ್ಟಿದೋಷವುಳ್ಳ ಅನೇಕರು ಈ ಮಾಹಿತಿಗಾಗಿ ಇನ್ನೊಬ್ಬರ ಮುಂದೆ ನಿಲ್ಲಬೇಕಾಗಿದೆ.

ಸಹಿ, ಮೊಹರು ಬಿದ್ದ ಆದೇಶವನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದಾಗ, ಅಥವಾ ಅದರ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದಾಗ, ಅದು ಬರಿಯ ಚಿತ್ರ. ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಅಕ್ಷರಗಳೇ ಸಿಗುವುದಿಲ್ಲ. ಸ್ಕ್ಯಾನ್ ಮಾಡದ ಕಡತವೂ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾಗಿದ್ದರೆ, ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವಾಗಿ ಕಾಣುವ ಸಾಲು ಕಿವಿಗೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕೇಳಿಸುತ್ತದೆ. ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಬೇಕಾದ, ಧ್ವನಿಯ ಆಯ್ಕೆಯಿಲ್ಲದ ಕ್ಯಾಪ್ಚಾ ಪರೀಕ್ಷೆ ಇದ್ದಲ್ಲಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಆಗ ಉಳಿಯುವ ದಾರಿ ಸೈಬರ್ ಅಂಗಡಿ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಕೊನೆಗೆ ಒಟಿಪಿಯನ್ನೂ ಅಪರಿಚಿತರಿಗೆ ಒಪ್ಪಿಸಬೇಕು. ಅರ್ಜಿಯಲ್ಲಿ ಏನು ತುಂಬಿದರೆಂದು ತಾವೇ ಪರಿಶೀಲಿಸುವಂತಿಲ್ಲ. ಅಲ್ಲಿ ಕುಳಿತವರು ಪ್ರಾಮಾಣಿಕರೇ ಆಗಿರಬಹುದು, ಆದರೆ ಒಬ್ಬ ನಾಗರಿಕರ ಹಣದ ಗುಟ್ಟು ಇನ್ನೊಬ್ಬರ ಪ್ರಾಮಾಣಿಕತೆಯನ್ನೇ ನಂಬಿಕೊಂಡಿರಬೇಕಾದುದು ಸರಿಯಲ್ಲ.

ಇದು ದಯೆಯ ಮಾತಲ್ಲ. ಮಾಹಿತಿಯು ಅಂಗವಿಕಲರಿಗೆ ನಿಲುಕುವ ರೂಪದಲ್ಲಿರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆಯೆಂದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 42ನೇ ಕಲಂ ಹೇಳುತ್ತದೆ. ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ.

ಆದ್ದರಿಂದ ಮೈಸೂರು ಜಿಲ್ಲಾಡಳಿತವು ಸಹಿಯಾದ ಪ್ರತಿಯ ಜೊತೆಗೆ ಅದೇ ಆದೇಶದ ಯೂನಿಕೋಡ್ ಪಠ್ಯವನ್ನೂ ಕಡ್ಡಾಯವಾಗಿ ಪ್ರಕಟಿಸಲಿ. ಹೇಗಿದ್ದರೂ ಆದೇಶ ಮೊದಲು ಕಂಪ್ಯೂಟರಿನಲ್ಲೇ ಸಿದ್ಧವಾಗುವುದರಿಂದ ಇದಕ್ಕೆ ಹೆಚ್ಚಿನ ಖರ್ಚಿಲ್ಲ. ತಿಲಕ್ ನಗರದಲ್ಲಿ ಸರ್ಕಾರದ್ದೇ ಬ್ರೈಲ್ ಮುದ್ರಣಾಲಯವಿದೆ. ಪ್ರಮುಖ ಯೋಜನೆಗಳ ಕಿರುಪುಸ್ತಿಕೆ ಅಲ್ಲಿಯೇ ಅಚ್ಚಾಗಿ ತಾಲ್ಲೂಕು ಕಚೇರಿಗಳಲ್ಲಿ ಸಿಗಲಿ. ಮಧುಮೇಹದಿಂದಲೋ ವಯಸ್ಸಿನಿಂದಲೋ ತಡವಾಗಿ ದೃಷ್ಟಿ ಕಳೆದುಕೊಂಡ ಹಿರಿಯರಲ್ಲಿ ಹೆಚ್ಚಿನವರಿಗೆ ಬ್ರೈಲ್ ಬಾರದು, ಮೊಬೈಲಿನ ಬಳಕೆಯೂ ಕಷ್ಟ. ಅಂಥವರಿಗೆ ಪ್ರಕಟಣೆಯನ್ನು ಮನೆಗೇ ಹೋಗಿ ಓದಿ ಹೇಳುವ ಕೆಲಸವನ್ನು ಗ್ರಾಮ ಪಂಚಾಯಿತಿಗಳ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಸ್ಪಷ್ಟವಾಗಿ ವಹಿಸಬೇಕು. 1935ರಲ್ಲಿ ಇದೇ ಊರಿನಲ್ಲಿ ಆರಂಭವಾದ ಆಕಾಶವಾಣಿಯೂ ವಾರಕ್ಕೊಮ್ಮೆ ನಿಗದಿತ ವೇಳೆಯಲ್ಲಿ ಹೊಸ ಯೋಜನೆಗಳ ವಿವರವನ್ನು, ಅರ್ಜಿಯ ಕೊನೆಯ ದಿನಾಂಕ ಹಾಗೂ ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಯ ಸಹಿತ, ನಿಧಾನವಾಗಿ ಎರಡು ಬಾರಿ ಓದಬೇಕೆಂದು ಕೋರುತ್ತೇನೆ.

— ನಿವೃತ್ತ ಗ್ರಂಥಪಾಲಕ, ಸರಸ್ವತಿಪುರಂ, ಮೈಸೂರು