ಆದಾಯದ ಜತೆಗೆ ಮನೆಮಂದಿಯನ್ನೂ ಲೆಕ್ಕ ಹಿಡಿಯಿರಿ

ಮಾನ್ಯ ಸಂಪಾದಕರೇ,

ಮಂಗಳೂರಿನಲ್ಲಿ ತಿಂಗಳಿಗೆ 45 ಸಾವಿರ ರೂಪಾಯಿ ಬರುವ ಮನೆಯೆಂದರೆ ಅನುಕೂಲಸ್ಥರೆಂದೇ ಜನ ಎಣಿಸುತ್ತಾರೆ. ಆ ಸಂಬಳದಲ್ಲಿ ಉಣ್ಣುವವರು ಎಷ್ಟು ಮಂದಿ ಎಂದು ಕೇಳುವವರು ಕಡಿಮೆ. ಸರಕಾರದ ಅನೇಕ ಆದಾಯ ಮಿತಿಗಳೂ ಅದನ್ನು ಕೇಳುವುದಿಲ್ಲ.

ಹಾಗೆಂದು ಆದಾಯವನ್ನು ತಲೆಗಳಿಂದ ಭಾಗಿಸಿದ ಮಾತ್ರಕ್ಕೆ ಲೆಕ್ಕ ಸರಿಹೋಗದು. ಇಬ್ಬರಿದ್ದ ಮನೆಗೆ ಮೂರನೆಯವರು ಬಂದರೆ ಕುಚ್ಚಲಕ್ಕಿ, ತರಕಾರಿ ಹೆಚ್ಚು ಬೇಕಾಗುತ್ತದೆಯೇ ಹೊರತು ಬಾಡಿಗೆ, ಫ್ರಿಜ್ಜು, ಚಾವಡಿಯ ಫ್ಯಾನು ಅವವೇ. ಆದರೆ ಈ ಉಳಿತಾಯ ಒಂದು ಹಂತದವರೆಗೆ ಮಾತ್ರ. ಮೂವರಿಗೆ ಸಾಕಾಗುವ ರಿಕ್ಷಾ, ನಾಲ್ವರಾದರೆ ನಿಯಮದಂತೆ ಎರಡು ಬೇಕು. ಊರಿನ ಮನೆಯಲ್ಲಿ ಒಂಟಿಯಾಗಿದ್ದ ಅಜ್ಜ-ಅಜ್ಜಿ ಬಂದು ಜತೆಯಲ್ಲಿ ನಿಂತರೆ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟು ಬಿಟ್ಟು ಮೂರು ಬೆಡ್‌ರೂಮಿನದ್ದನ್ನು ಹುಡುಕಿ, ಹೊಸದಾಗಿ ಮುಂಗಡ ಕಟ್ಟಬೇಕು. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್-ಜುಲೈಯಲ್ಲಿ ಆರು ಮಂದಿಗೆ ಬಂಗುಡೆಯ ತುಂಡುಗಳನ್ನು ಎಣಿಸಿ ಬಡಿಸುವ ಕಷ್ಟ ಗೃಹಿಣಿಯರಿಗೇ ಗೊತ್ತು.

ಐರೋಪ್ಯ ದೇಶಗಳ ಅಂಕಿಅಂಶ ಇಲಾಖೆಗಳು ಇದಕ್ಕೊಂದು ಅಳತೆ ಇಟ್ಟುಕೊಂಡಿವೆ: ಮನೆಯ ಮೊದಲ ವಯಸ್ಕರಿಗೆ 1, ಹದಿನಾಲ್ಕು ತುಂಬಿದ ಉಳಿದ ಪ್ರತಿಯೊಬ್ಬರಿಗೆ 0.5, ಅದಕ್ಕಿಂತ ಸಣ್ಣ ಮಕ್ಕಳಿಗೆ 0.3. ಇವನ್ನೆಲ್ಲ ಕೂಡಿಸಿ, ಬಂದ ಮೊತ್ತದಿಂದ ಮನೆಯ ಆದಾಯವನ್ನು ಭಾಗಿಸಬೇಕು. ಈ ಲೆಕ್ಕದಲ್ಲಿ 45 ಸಾವಿರ ಪಡೆಯುವ ದಂಪತಿಯ ಜೀವನಮಟ್ಟ ಒಬ್ಬಂಟಿಯ 30 ಸಾವಿರಕ್ಕೆ ಸಮ. ಇಬ್ಬರು ಸಣ್ಣ ಮಕ್ಕಳಿದ್ದರೆ ಅದು ಸುಮಾರು 21,400ಕ್ಕೆ, ಅಜ್ಜ-ಅಜ್ಜಿಯೂ ಸೇರಿದರೆ 14,500ಕ್ಕೆ ಇಳಿಯುತ್ತದೆ. ಪಿಯುಸಿ ಓದುವ ಮಗನಿಗೂ ಈ ಅಳತೆ ಕೊಡುವುದು ಬರೇ 0.5; ನೀಟ್ ಕೋಚಿಂಗಿನ ಫೀಸು ಕಟ್ಟಿದ ನಮ್ಮ ಜಿಲ್ಲೆಯ ಹೆತ್ತವರನ್ನು ಕೇಳಿದರೆ ಒಂದೂವರೆ ಎಂದಾರು.

ಕೇಂದ್ರದ ಆರ್ಥಿಕ ದುರ್ಬಲ ವರ್ಗದ ಮೀಸಲಾತಿಗೆ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ.ಗಿಂತ ಕಡಿಮೆ ಇರಬೇಕು. ಮನೆಯಲ್ಲಿ ಮೂವರಿರಲಿ, ಏಳು ಮಂದಿ ಇರಲಿ, ಮಿತಿ ಒಂದೇ. ಅಭ್ಯರ್ಥಿಯ ಅಜ್ಜ-ಅಜ್ಜಿಯಂತೂ ಅಲ್ಲಿನ ‘ಕುಟುಂಬ’ದ ವ್ಯಾಖ್ಯೆಯಲ್ಲೇ ಬರುವುದಿಲ್ಲ, ಅವರ ಔಷಧಿಯ ಖರ್ಚು ಮಾತ್ರ ಮನೆಗೇ ಬರುತ್ತದೆ. ರಾಜ್ಯದ ಗೃಹಜ್ಯೋತಿಯಲ್ಲೂ ಉಚಿತದ ಗರಿಷ್ಠ ಮಿತಿ 200 ಯೂನಿಟ್ ಇರುವುದು ಮೀಟರಿಗೆ. ಕರಾವಳಿಯ ಎಪ್ರಿಲ್-ಮೇ ಸೆಕೆಯಲ್ಲಿ ಆರು ಮಂದಿಯ ಮನೆ ಆ ಗೆರೆ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದೇ ಆರು ಮಂದಿ ಎರಡು ಮನೆ ಮಾಡಿಕೊಂಡಿದ್ದರೆ ಎರಡಕ್ಕೂ ಸೊನ್ನೆ ಬಿಲ್ಲು ಬಂದೀತು. ವಯಸ್ಸಾದವರನ್ನು ಜತೆಯಲ್ಲಿಟ್ಟುಕೊಂಡು ಒಂದೇ ಒಲೆಯಲ್ಲಿ ಬೇಯಿಸುವವರಿಗೆ ಇದು ದಂಡವಲ್ಲದೆ ಮತ್ತೇನು?

ಸರಕಾರಕ್ಕೆ ತಲೆ ಎಣಿಸಲು ಬಾರದೆಂದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬಗಳಿಗೆ ತಲಾ 5 ಕೆ.ಜಿ. ಧಾನ್ಯ ಸಿಗುತ್ತಿದೆ. ನಾನು ಕೆಲಸ ಮಾಡಿದ ಬ್ಯಾಂಕಿನ ಸಾಲದ ಅರ್ಜಿಯಲ್ಲಿಯೂ ‘ಅವಲಂಬಿತರ ಸಂಖ್ಯೆ’ ಎಂಬ ಕಾಲಂ ಇತ್ತು, ಅದನ್ನು ನೋಡದೆ ಕಂತು ನಿಗದಿ ಮಾಡುತ್ತಿರಲಿಲ್ಲ. ತಹಶೀಲ್ದಾರರ ಕಚೇರಿ ಕೊಡುವ ಆದಾಯ ಪ್ರಮಾಣಪತ್ರದಲ್ಲಿ ಅಂಥದೇ ಒಂದು ಸಾಲು ಸೇರಿಸಿ, ಅದಕ್ಕೆ ತಕ್ಕಂತೆ ಮಿತಿಯನ್ನು ಸಡಿಲಿಸುವ ಕ್ರಮವನ್ನು ಕನಿಷ್ಠ ವಿದ್ಯಾರ್ಥಿವೇತನಗಳಿಂದಲಾದರೂ ಆರಂಭಿಸಬೇಕೆಂದು ನಮ್ಮ ಶಾಸಕರನ್ನೂ ಸಂಸದರನ್ನೂ ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಬಿಜೈ, ಮಂಗಳೂರು